ಕೆಸರು ನಮ್ದು, ಹಡಗು ದಿಲ್ಲಿದು

(2023ರ ಆಗಸ್ಟ್ ಕೊನೆ. ಗಂಗಾವತಿಯ ಚಹಾದಂಗಡಿ. ಮುಂದೆ ಒಗ್ಗರಣಿ, ಮಿರ್ಚಿ. ಕಾರಟಗಿ ಕಡೆಯ ರೈತ ಕಾಕಾ, ರೈಸ್ ಮಿಲ್ಲಿನ ಗುಮಾಸ್ತ.)

ಕಾಕಾ: ತಮ್ಮಾ, ಭತ್ತ ಬೆಳಿಯೋದು ಯಾರ ಕಾರುಬಾರು?

ಗುಮಾಸ್ತ: ರಾಜ್ಯದ್ದು ಕಾಕಾ. ರಾಜ್ಯಪಟ್ಟಿ, 14ನೇ ನಮೂದು, ಕೃಷಿ.

ಕಾಕಾ: ಅದನ್ನ ಪರದೇಶಕ್ಕ ಕಳಸೋದು?

ಗುಮಾಸ್ತ: ಕೇಂದ್ರಪಟ್ಟಿ, 41. ಸುಂಕ ಹಾಕೋದು 83.

ಕಾಕಾ: ಜುಲೈ 20ಕ್ಕ ಬಿಳಿ ಅಕ್ಕಿ ರಫ್ತು ಬಂದ್ ಮಾಡಿದ್ರು. ಅಮೆರಿಕದಾಗ ನಮ್ಮ ಮಂದಿ ಸೋನಾ ಮಸೂರಿ ಚೀಲಕ್ಕ ಮುಗಿಬಿದ್ರಂತ. ಈಗ ಬಾಯ್ಲ್ಡ್ ಅಕ್ಕಿಗೂ ಶೇ. 20 ಸುಂಕ! ನಮ್ಮ ಸರ್ಕಾರನ ಒಂದ್ ಮಾತು ಕೇಳಿದ್ರೇನು?

ಗುಮಾಸ್ತ: ಕೇಳಬೇಕಂತ ಸಂವಿಧಾನದಾಗ ಎಲ್ಲೂ ಬರದಿಲ್ರಿ. ಅಲ್ಲದ ನಮ್ಮ ಸರ್ಕಾರನ ಅಕ್ಕಿ ಹುಡಿಕ್ಯಾಡಾಕ ಹತ್ತಿತ್ತು. ಜೂನ್‌ದಾಗ ಕೇಂದ್ರದ ಆಹಾರ ನಿಗಮ, ಎಫ್‌ಸಿಐ, ರಾಜ್ಯಗಳಿಗೆ ಅಕ್ಕಿ ಮಾರೋದು ನಿಲ್ಲಿಸ್ತು. ಅನ್ನಭಾಗ್ಯದ ಅಕ್ಕಿ ಬದಲಿಗೆ ಕಿಲೋಕ್ಕ 34 ರೂಪಾಯಿ ಬಂತಲ್ಲ?

ಕಾಕಾ: ಹೊರಗ ಹೋಗಂಗಿಲ್ಲ, ಒಳಗ ಸಿಗಂಗಿಲ್ಲ. ಹಂಗಾರ ಅಕ್ಕಿ ಎಲ್ಲೈತೋ?

ಗುಮಾಸ್ತ: ಗೋದಾಮಿನ್ಯಾಗ, ಆದೇಶ ಕಾಯಕೋಂತ.

ಕಾಕಾ: ನಮಗ ಏನೂ ಅಧಿಕಾರನ ಇಲ್ಲೇನು?

ಗುಮಾಸ್ತ: ಐತಿ ಬಿಡ್ರಿ. ಹೋದವರ್ಷ 25 ಕಿಲೋತನಕದ ಪ್ಯಾಕ್ ಚೀಲಕ್ಕ ಶೇ. 5 ಜಿಎಸ್‌ಟಿ ಬಿತ್ತು.

(ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳೂ ಕೂತಿರುತ್ತವೆ. ಅಲ್ಲಿ ತಲೆಯಾಡಿಸಿ ಊರಿಗೆ ಬಂದು ದಿಲ್ಲಿಯನ್ನು ಬೈಯುವುದು ಎಲ್ಲ ಪಕ್ಷಗಳ ರೂಢಿ.)

ಗುಮಾಸ್ತ: ಮಿಲ್ಲಿನವರು 26 ಕಿಲೋ ಚೀಲ ಹೊಲಿಸಿದ್ರು. ತೆರಿಗಿ ಮಾಯ!

ಕಾಕಾ: ಅಂದ್ರ ನಮ್ಮ ಸ್ವಾಯತ್ತತೆ ಎಷ್ಟಾತು?

ಗುಮಾಸ್ತ: ಒಂದ್ ಕಿಲೋ, ಕಾಕಾ.