ಅಪ್ಪೆಮಿಡಿಯೂ ಅಲ್ಗಾರಿದಮ್ಮೂ

32 ವರ್ಷಗಳ ಕಾಲ ಕಾಲೇಜೊಂದರಲ್ಲಿ ಕನ್ನಡ ಗದ್ಯವನ್ನು ಬೋಧಿಸಿ, ವಾಕ್ಯವೆಂಬುದು ದೇವಸ್ಥಾನದ ಆನೆಯಂತೆ ಸೊಂಡಿಲು ಮೊದಲಾಗಿ ಬಾಲ ಕಡೆಯಾಗಿ ಸಾವಧಾನದಿಂದ ಬಾಗಿಲು ದಾಟಿ ಬರತಕ್ಕದ್ದೆಂದು ಉಪದೇಶಿಸಿ, ಆ ಉಪದೇಶದಿಂದಲೇ ಅನೇಕ ವಿದ್ಯಾರ್ಥಿಗಳನ್ನು ನಿದ್ರಾಪರವಶರನ್ನಾಗಿಸಿ ನಿವೃತ್ತನಾದ ನಾನು, ನನ್ನ 67ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಉದ್ಯೋಗಸ್ಥನಾಗಿದ್ದೇನೆ. ಉದ್ಯೋಗ, ಕ್ಯಾಪ್ಷನ್ ಬರೆಯುವುದು. ಸಂಸ್ಥೆ, ನನ್ನ ಸಹಧರ್ಮಿಣಿಯ ಅಪ್ಪೆಮಿಡಿ ಉಪ್ಪಿನಕಾಯಿ. ವೇತನ, ಎರಡು ಹೊತ್ತಿನ ಊಟ, ಅದೂ ಈ ಹುದ್ದೆಗೆ ಸೇರುವ ಮೊದಲಿನಿಂದಲೇ ದೊರೆಯುತ್ತಿದ್ದುದು.

ಸಾಗರದ ಸೀಮೆಯಲ್ಲಿ ಅಪ್ಪೆಮಿಡಿಗೆ ಪ್ರಚಾರ ಬೇಕೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದೊಡನೆ ಪರಿಮಳವೇ ಪಕ್ಕದ ಮೂರು ಮನೆಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಅಲ್ಲಿಂದ ಮುಂದಿನದನ್ನು ಊಟಕ್ಕೆ ಬಂದ ನೆಂಟರು ನೋಡಿಕೊಳ್ಳುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಮ್ಮನ ಮಗಳು, ಕಳೆದ ಯುಗಾದಿಗೆ ಬಂದವಳು, ಊಟದ ಎಲೆಯಲ್ಲಿ ಮಿಡಿಯ ತೊಟ್ಟನ್ನು ಹಿಡಿದು ಚೀಪುತ್ತಲೇ, "ದೊಡ್ಡಮ್ಮ, ಇದನ್ನ ಬರೀ ನೆಂಟರಿಗೆ ಹಂಚಿ ಮುಗಿಸ್ತೀರಲ್ಲ, ಒಂದು ಪೇಜ್ ಮಾಡಿದ್ರೆ ಊರೂರಿಗೆ ಹೋಗ್ತದೆ" ಎಂದಳು. ಸಂಜೆಯೊಳಗೆ ಇನ್‌ಸ್ಟಾಗ್ರಾಮಿನಲ್ಲೊಂದು ಪುಟವೂ ವಾಟ್ಸಾಪ್ ಬಿಸಿನೆಸ್ಸಿನಲ್ಲೊಂದು ಕ್ಯಾಟಲಾಗೂ ಅವತರಿಸಿದುವು. ಕೆಲವು ವಾರಗಳಲ್ಲಿ ಆಹಾರ ಸುರಕ್ಷತೆಯ ನೋಂದಣಿಯೂ ಬಂದಿತು. ಜಾಡಿಯ ಚೀಟಿಯ ಮೇಲೆ ಮುದ್ರಿಸಲೇಬೇಕಾದ ಆ 14 ಅಂಕಿಗಳೇ ನಮ್ಮ ಸಂಸ್ಥೆಯ ಪರಿಶುದ್ಧ ಗದ್ಯ. ಅದರಲ್ಲಿ ತಿದ್ದುವುದಕ್ಕೆ ನನಗೇನೂ ದೊರೆಯಲಿಲ್ಲ.

ಮೊದಲ ಚಿತ್ರ ಭರಣಿಯದು. ಅದರ ಕೆಳಗೆ ನಾಲ್ಕು ಮಾತು ಬರೆಯಿರೆಂದು ನನಗೆ ಅಪ್ಪಣೆಯಾಯಿತು. ಕ್ಯಾಪ್ಷನ್ನಿಗೆ 2200 ಅಕ್ಷರಗಳ ಮಿತಿಯುಂಟೆಂದು ತಿಳಿದಾಗ ಆ ಕಂಪೆನಿಯವರ ಔದಾರ್ಯಕ್ಕೆ ನಾನು ಮನಸೋತೆ. ಎರಡು ದಿನ ಕುಳಿತು, ಸಹ್ಯಾದ್ರಿಯ ಮಡಿಲಿನಿಂದ ಹೊರಟು, ಶರಾವತಿ, ವರದಾ, ಕುಮುದ್ವತಿಯರ ತಂಪು ದಡಗಳಲ್ಲಿ ತಂಗಿ, ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ, ಮಾಳಂಜಿ ಮೊದಲಾದ ಜಾತಿವೈವಿಧ್ಯವನ್ನು ಬಣ್ಣಿಸಿ, ಕಡೆಗೆ ಕ್ರಿಯಾಪದದ ಸಮೀಪದಲ್ಲಿ ಉಪ್ಪಿನಕಾಯಿಯನ್ನು ಪ್ರಸ್ತಾಪಿಸುವ ಒಂದೇ ವಾಕ್ಯವನ್ನು ರಚಿಸಿದೆ. ಅದು ನನ್ನ ಜೀವಮಾನದ ಶ್ರೇಷ್ಠ ವಾಕ್ಯವೆಂದು ಈಗಲೂ ನಂಬಿದ್ದೇನೆ. ಆದರೆ ಆ ಯಂತ್ರವು ಒಂದೂವರೆ ಸಾಲನ್ನು ಮಾತ್ರ ತೋರಿಸಿ ಉಳಿದುದನ್ನು ಮಡಿಸಿಡುತ್ತದೆಂಬುದು ನನಗೆ ತಿಳಿದಿರಲಿಲ್ಲ. ಲೋಕಕ್ಕೆ ಕಂಡದ್ದು ಸಹ್ಯಾದ್ರಿ, ಮಡಿಲು, ನದೀತೀರ, ತಂಪು. ಮರುದಿನ ಬೆಳಿಗ್ಗೆ ಬಂದ ಪ್ರಥಮ ಪ್ರತಿಕ್ರಿಯೆ: "ಹೋಮ್‌ಸ್ಟೇ ಸೂಪರ್! ಇಬ್ಬರಿಗೆ ಒಂದು ರಾತ್ರಿಗೆ ಎಷ್ಟು?" ಎರಡನೆಯವರು ಬೋಟಿಂಗ್ ಇದೆಯೇ ಎಂದು ಕೇಳಿದ್ದರು. ಚಿತ್ರದಲ್ಲಿ ಭರಣಿ ಇದ್ದಿತಲ್ಲ ಎಂದು ನಾನು ವಾದಿಸಿದೆ. ಹೋಮ್‌ಸ್ಟೇಗಳ ಜಗಲಿಯಲ್ಲಿ ಈಗ ಅಲಂಕಾರಕ್ಕೆ ಭರಣಿಯನ್ನೇ ಇಡುತ್ತಾರಂತೆ.

ಬಳಿಕ 500 ರೂಪಾಯಿ ತೆತ್ತು ಆ ಚಿತ್ರವನ್ನು 'ಬೂಸ್ಟ್' ಮಾಡಿದೆವು. ಮೆಚ್ಚಿದವರಲ್ಲಿ ಬಹುಪಾಲು ಮೀಸೆ ಚಿಗುರದ ತರುಣರು, ಅವರಲ್ಲಿ ಒಬ್ಬನು ನಮಗೇ ಬೂಟು ಮಾರಲು ಬಂದನು. ಊಟತಿಂಡಿಗಳ ವಿಮರ್ಶಕರೊಬ್ಬರು ಸಹಯೋಗವೆಂಬ ಘನವಾದ ಪದವನ್ನು ಬಳಸಿ ಎರಡು ಜಾಡಿಗಳನ್ನು ಧರ್ಮಾರ್ಥ ಕಳುಹಿಸಬೇಕೆಂದು ಸೂಚಿಸಿದರು. ಕಳುಹಿಸಿದೆವು. ವಿಮರ್ಶೆ ಇಂದಿಗೂ ಬಂದಿಲ್ಲ, ಉಪ್ಪಿನಕಾಯಿ ಮುಗಿದಿರಬಹುದು.

"ದೊಡ್ಡಪ್ಪ, ನೀವು ಬರೆಯೋದು ಕ್ಯಾಪ್ಷನ್ ಅಲ್ಲ, ಪುರಾಣ. ಮೂರು ಸೆಕೆಂಡಲ್ಲಿ ಹಿಡೀಬೇಕು, ಇಲ್ಲಾಂದ್ರೆ ಜನ ಮೇಲೆ ತಳ್ಳಿ ಹೋಗ್ತಾರೆ" ಎಂದು ಹುಡುಗಿ ಫೋನಿನಲ್ಲಿ ತೀರ್ಪಿತ್ತಳು. ಇನ್ನು ರೀಲ್ಸ್ ಮಾಡತಕ್ಕದ್ದೆಂದು ನಿಶ್ಚಯವಾಯಿತು. 2020ರ ಜೂನ್ ಕಡೆಯಲ್ಲಿ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿ, ಮರುತಿಂಗಳೇ ಇನ್‌ಸ್ಟಾಗ್ರಾಮಿನವರು ಆ ತೆರವಾದ ಪೀಠದಲ್ಲಿ ರೀಲ್ಸನ್ನು ಕೂರಿಸಿದ ಮೇಲೆ, ಈ ದೇಶದಲ್ಲಿ ಸೋಪಿನಿಂದ ಸೀರೆಯವರೆಗೆ ಎಲ್ಲವೂ ಕುಣಿದೇ ಮಾರಾಟವಾಗಬೇಕಾಗಿದೆ. ನನ್ನ ಹೆಂಡತಿ ಕುಣಿಯುವುದಿಲ್ಲವೆಂದಳು. ಮಸಾಲೆ ಬೆರೆಸುವುದನ್ನು ಬೇಕಾದರೆ ಹಿಡಿದುಕೊಳ್ಳಿ, ಆದರೆ ಭರಣಿಯ ಮೇಲೆ ಬಗ್ಗಬಾರದು, ಒದ್ದೆ ಕೈ ಹತ್ತಿರ ಸುಳಿಯಬಾರದು, ಕಂಡಕಂಡಲ್ಲಿ ಓಡಾಡಿ ಬಂದ ಆ ಫೋನು ಭರಣಿಯಿಂದ ಒಂದು ಮಾರು ದೂರದಲ್ಲಿರಬೇಕು ಎಂದು ಕರಾರು ಹಾಕಿದಳು. ಕಡೆಗೆ ಮಜ್ಜಿಗೆ ಕಡೆಯುವ ಕಂಬಕ್ಕೆ ರಬ್ಬರ್ ಬ್ಯಾಂಡಿನಿಂದ ಫೋನನ್ನು ಬಿಗಿದೆವು.

ವೈಶಾಖದ ಒಂದು ಮಧ್ಯಾಹ್ನ. ಉಪ್ಪಿನಲ್ಲಿ ಸುರುಟಿದ ಮಿಡಿಗಳನ್ನು ಅವಳು ಬಟ್ಟೆಯ ಮೇಲೆ ಹರವಿದ್ದಳು. ಮಿಡಿ ಬಿಟ್ಟ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆಯನ್ನೂ ಒಣಮೆಣಸನ್ನೂ ಅರೆದ ಕೆಂಪು ಮಸಾಲೆ ಪಕ್ಕದಲ್ಲಿತ್ತು. ಅದರ ಘಾಟಿಗೆ ಮನೆಯ ಬೆಕ್ಕು ಸೀನಿ ಹೊರಟುಹೋಗಿತ್ತು. ಚೌಕಟ್ಟಿನಾಚೆ ನಿಂತು ನಾನು, ಹಿನ್ನೆಲೆಯಲ್ಲಿ ಓದುವುದಕ್ಕೆಂದು ರಚಿಸಿದ್ದ ವಾಕ್ಯವನ್ನು, "ಯಾವ ಫಲವು ತನ್ನ ಬಾಲ್ಯದಲ್ಲಿಯೇ ಲವಣಸಂಸ್ಕಾರವನ್ನು ಪಡೆದು, ಪಕ್ವತೆಯ ಪ್ರಲೋಭನೆಯನ್ನು ತ್ಯಜಿಸಿ" ಎಂದು ಆರಂಭಿಸಿದ್ದೆನಷ್ಟೆ. ಅವಳು ತಲೆಯೆತ್ತದೆ, "ನಿಮ್ಮ ಆ ವಾಕ್ಯ ಮುಗಿಯೋದ್ರೊಳಗೆ ಮಿಡಿ ಹಣ್ಣಾಗ್ತದೆ. ಮುಚ್ಚಳ ಕೊಡಿ" ಎಂದಳು.

ಉಪ್ಪಿನಲ್ಲಿ ಮುಳುಗಿದ ಮಿಡಿ ಹಣ್ಣಾಗುವುದು ಪ್ರಕೃತಿನಿಯಮಕ್ಕೆ ವಿರುದ್ಧವೆಂದು ನಾನು ಹೇಳಿದುದೂ, ಮುಚ್ಚಳದ ಬದಲು ಸೌಟನ್ನು ಕೊಟ್ಟುದೂ, ಅವಳು ನನ್ನನ್ನು ನೋಡಿದ ನೋಟವೂ ಫೋನಿನಲ್ಲಿ ದಾಖಲಾಗಿದ್ದುವು. ಹುಡುಗಿ ಅಷ್ಟನ್ನೇ ಕತ್ತರಿಸಿ ಪ್ರಕಟಿಸಿದಳು. ಮೂರು ದಿನಗಳಲ್ಲಿ 41 ಸಾವಿರ ಮಂದಿ ನೋಡಿದರು. ನನ್ನ ಹಳೆಯ ವಿದ್ಯಾರ್ಥಿಗಳನೇಕರು ದೇಶವಿದೇಶಗಳಿಂದ, "ಮೇಡಂ ನಮ್ಮ ಪರವಾಗಿ ಮಾತಾಡಿದ್ರು" ಎಂದು ಬರೆದರು. 63 ಆರ್ಡರ್‌ಗಳು ಬಂದುವು. ಬೆಲೆಯನ್ನು ಚಿತ್ರದ ನಡುವೆಯೇ ಕೆತ್ತಿದಂತೆ ಬರೆದಿದ್ದರೂ "ಪ್ರೈಸ್ ಪ್ಲೀಸ್" ಎಂದು ಕೇಳಿದವರು ಇದಕ್ಕೆ ಹೊರತು.

ನಮ್ಮ ನಾಡಿಗೆ ಪ್ರಚಾರವೇನೂ ಹೊಸದಲ್ಲ. 1916ರಲ್ಲಿ ಗಂಧದೆಣ್ಣೆ ತೆಗೆಯಲಾರಂಭಿಸಿ ಬಳಿಕ ಸಾಬೂನಿಗಿಳಿದ ಮೈಸೂರು ಸಂಸ್ಥಾನವು ಆ ಸಾಬೂನಿನ ಪ್ರಚಾರಕ್ಕೆಂದು ದೂರದ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿತ್ತು. ಆದರೆ ಮೆರವಣಿಗೆ ಮುಗಿದ ಮೇಲೆ ಒಂಟೆಗಳು ಮನೆಗೆ ಹೋಗಿ ಮಲಗಬಹುದಾಗಿತ್ತು. ಪ್ರತಿದಿನವೂ ಹೊಸ ಭಂಗಿಯಲ್ಲಿ ನಡೆಯದಿದ್ದರೆ ನಿಮ್ಮ 'ರೀಚ್' ಇಳಿದಿದೆಯೆಂದು ಅವುಗಳಿಗೆ ಯಾರೂ ನೋಟಿಸು ಕಳುಹಿಸುತ್ತಿರಲಿಲ್ಲ.

ನಮಗೆ ಕಳುಹಿಸತೊಡಗಿದರು. ಅಲ್ಗಾರಿದಂ ಎಂಬ ಆ ಅದೃಶ್ಯ ಯಜಮಾನನಿಗೆ ದಿನದಿನವೂ ನೈವೇದ್ಯವಾಗಬೇಕು; ಅಪ್ಪೆಮರವೋ ವರ್ಷಕ್ಕೊಮ್ಮೆ ಕೊಡತಕ್ಕದ್ದು, ಅದೂ ಮನಸ್ಸು ಬಂದರೆ. ಹೂ ಬಿಟ್ಟಾಗ ಮೋಡ ಕವಿದು ಜಿಗಿಹುಳು ಬಿದ್ದರೆ ಆ ವರ್ಷ ಕೇವಲ ಎಲೆ. ಚೆನ್ನಾಗಿ ಬಿಟ್ಟ ಮರ ಮರುವರ್ಷ ವಿಶ್ರಾಂತಿ ತೆಗೆದುಕೊಳ್ಳುವುದೂ ಉಂಟು. ಹೊಳೆಯ ದಡದ ಆ ಎತ್ತರದ ಮರಕ್ಕೆ ಬಲ್ಲವನೇ ಹತ್ತಬೇಕು. ತೊಟ್ಟು ಮುರಿಯದಂತೆ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ರಿಪ್ಪನ್‌ಪೇಟೆಯ ಮಾರುಕಟ್ಟೆಯಿಂದ ಮಿಡಿ ತಂದು ವ್ಯಾಪಾರ ಹಿಗ್ಗಿಸಬಹುದಲ್ಲ ಎಂದು ನಾನು ಹೇಳಿದೆ. ತನಗೆ ಗುರುತಿಲ್ಲದ ಮರದ ಮಿಡಿಗೆ ತನ್ನ ಹೆಸರಿಡುವುದಿಲ್ಲವೆಂದಳು. ನಮ್ಮಲ್ಲಿದ್ದುದು 2000 ಮಿಡಿ, ಅಂದರೆ 40 ಜಾಡಿ. ಅದಕ್ಕೆ 63 ಆರ್ಡರ್.

ಕಂಟೆಂಟ್ ನಿಲ್ಲಬಾರದೆಂದು ಹುಡುಗಿ ಬೆಂಗಳೂರಿನಿಂದ ಎಚ್ಚರಿಸುತ್ತಲೇ ಇದ್ದಳು. ನಾವು ಭರಣಿಯನ್ನು ಮೂಡಣದಿಂದ ಹಿಡಿದೆವು, ಪಡುವಣದಿಂದ ಹಿಡಿದೆವು, ಮಳೆಯ ಹಿನ್ನೆಲೆಯಲ್ಲಿ ಹಿಡಿದೆವು. ಬೆಕ್ಕು ಹಿಂದಿರುಗಿದ್ದರಿಂದ ಬೆಕ್ಕಿನ ಸಮೇತ ಹಿಡಿದೆವು. ಆಷಾಢದ ಹೊತ್ತಿಗೆ ಭರಣಿ ಬರಿದಾಗಿದ್ದರೂ ಚಿತ್ರಗಳಲ್ಲಿ ಮಾತ್ರ ತುಂಬಿಯೇ ಇತ್ತು. ಇದನ್ನು ಕಂಡು ನನ್ನ ಹೆಂಡತಿ, "ಇಲ್ಲದ್ದನ್ನ ತೋರಿಸೋದೂ ಸುಳ್ಳೇ ಅಲ್ದಾ?" ಎಂದು ಕೇಳಿ, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಮೊದಲ ಬಾರಿಗೆ ಒಂದು ಕ್ಯಾಪ್ಷನ್ ಬರೆದಳು: "ಉಪ್ಪಿನಕಾಯಿ ಖಾಲಿ. ಮರಕ್ಕೆ ಹೇಳಿದ್ದೇವೆ." ನಾನು ಅದುವರೆಗೆ ಬರೆದುದಕ್ಕೆಲ್ಲ ಒಟ್ಟಾರೆ ದೊರೆತ ಮೆಚ್ಚುಗೆಗಿಂತ ಹೆಚ್ಚು ಮೆಚ್ಚುಗೆ ಆ ನಾಲ್ಕು ಪದಗಳಿಗೆ ದೊರೆಯಿತು. ಅಲ್ಲಿಂದೀಚೆಗೆ ನನಗೆ ಚೀಟಿ ಅಂಟಿಸುವ ಕೆಲಸ.

ಆದುದರಿಂದ ವಾಚಕ ಮಹಾಶಯರಲ್ಲಿ ಒಂದು ಪ್ರಾರ್ಥನೆ: ಇದನ್ನೋದಿ ಬಾಯಲ್ಲಿ ನೀರೂರಿದವರು ದಯಮಾಡಿ ಈಗಲೇ ಬೆಲೆ ವಿಚಾರಿಸಬಾರದು. ಮಿಡಿ ಬರುವುದು ಫಾಲ್ಗುಣದಲ್ಲಿ. ಕಳೆದ ಸಲ ದೊರೆಯದ 23 ಮಂದಿ ಸಾಲಿನಲ್ಲಿ ನಿಮಗಿಂತ ಮುಂದಿದ್ದಾರೆ.