ದಿಂಬಂ ಘಾಟಿ ನಿಷೇಧ ಮೀಮಾಂಸೆ

ಉಪೋದ್ಘಾತ

ರಸ್ತೆ ಮುಚ್ಚಬೇಡಿ ಎಂದು ಕೇಳಿಕೊಳ್ಳಲು ಅಂಗಡಿ ಮುಚ್ಚುವ ಪದ್ಧತಿ ಈ ನಾಡಿನಲ್ಲಿ ಬಹಳ ಹಳೆಯದು. 2022ರ ಫೆಬ್ರುವರಿಯಲ್ಲಿ ತಾಳವಾಡಿ ಬೆಟ್ಟಸೀಮೆಯೂ ಅದನ್ನು ಚಾಚೂ ತಪ್ಪದೆ ಪಾಲಿಸಿತು. ದಿಂಬಂ ಘಾಟಿಯಲ್ಲಿ ರಾತ್ರಿ ವಾಹನ ಓಡಕೂಡದು, 10ನೇ ತಾರೀಖಿನಿಂದಲೇ ಇದು ಜಾರಿಗೆ ಬರಲಿ ಎಂದು ಮದರಾಸು ಹೈಕೋರ್ಟು ಆ ತಿಂಗಳ 8ರಂದು ಆದೇಶಿಸಿತು. ಕೂಡಲೇ ಬಂದ್, ಪ್ರತಿಭಟನೆ, ಮನವಿಪತ್ರ ಎಂಬ ತ್ರಿವಿಧ ಕರ್ಮಗಳು ಯಥಾವಿಧಿ ನೆರವೇರಿದವು. ಈ ವಿಷಯದ ಮೇಲೆ ವರದಿಗಳುಂಟು, ಅಫಿಡವಿಟ್ಟುಗಳುಂಟು, ಟಿ.ವಿ. ಚರ್ಚೆಗಳುಂಟು. ಶಾಸ್ತ್ರಗ್ರಂಥ ಒಂದಿರಲಿಲ್ಲ. ಆ ಕೊರತೆ ನೀಗಿಸಲೆಂದು, ಪಣಕಹಳ್ಳಿಯ ಟೀ ಅಂಗಡಿಯ ಮುಂದಿನ ಬೆಂಚನ್ನೇ ವಿಭಾಗೀಯ ಪೀಠವೆಂದು ಭಾವಿಸಿ, ಪ್ರಸ್ತುತ ಪ್ರಬಂಧ ಸಿದ್ಧವಾಗಿದೆ.

ಪ್ರಬಂಧದ ಪ್ರತಿಜ್ಞೆ ಇಷ್ಟು: ಯಾವ ರಸ್ತೆಯೂ ಎಲ್ಲರಿಗೂ ಮುಚ್ಚುವುದಿಲ್ಲ. ನಿಷೇಧ ಒಂದು ಸಾಲಿನಲ್ಲಿ ಮುಗಿಯುತ್ತದೆ, ವಿನಾಯಿತಿಗೆ ಪುಟ ಸಾಲುವುದಿಲ್ಲ. ಆದ್ದರಿಂದ ವಿದ್ವಾಂಸನಾದವನು ಮೊದಲು ಓದಬೇಕಾದದ್ದು ಪುಟವನ್ನು.

ಕ್ಷೇತ್ರ ನಿರೂಪಣೆ

ಪಣಕಹಳ್ಳಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಅದರ ಮಾತು ಕನ್ನಡ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದರ ಫಲವಾಗಿ ಭೂಗೋಳಕ್ಕೂ ಆಡಳಿತಕ್ಕೂ ಒಂದು ವಿಚಿತ್ರ ಸಂಬಂಧ ಏರ್ಪಟ್ಟಿದೆ. ಪಕ್ಕದ ರಾಜ್ಯದ ಚಾಮರಾಜನಗರಕ್ಕೆ ಘಾಟಿ ಇಳಿಯದೆ ಹೋಗಿಬರಬಹುದು. ಸ್ವಂತ ಜಿಲ್ಲೆಯ ಕಲೆಕ್ಟರರನ್ನು ಕಾಣಬೇಕಾದರೆ ಮಾತ್ರ ಹಾಸನೂರಿನ ಕಾಡು ದಾಟಿ, ದಿಂಬಂ ತುದಿ ಮುಟ್ಟಿ, 27 ಹೇರ್‌ಪಿನ್ ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಸಾಗಬೇಕು.

ಈ ದಾರಿಗೆ ಮೊದಲು ರಾಷ್ಟ್ರೀಯ ಹೆದ್ದಾರಿ 209 ಎಂದು ಹೆಸರಿತ್ತು, ಈಗ 948. ಬೆಂಗಳೂರಿಂದ ಕೊಯಮತ್ತೂರಿಗೆ ಹೋಗುವ ಲಾರಿಗಳಿಗೂ ಇದೇ ಒಳದಾರಿ. ದಾರಿಯ ಎರಡೂ ಬದಿ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ; ವಿಸ್ತಾರ 1,400 ಚದರ ಕಿಲೋಮೀಟರಿಗೂ ಮಿಗಿಲು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶ ಗಮನಿಸಬೇಕು. ಈ ಕಾಡುದಾರಿಗೆ ರಾತ್ರಿ ನಿಷೇಧ ಹೊಸದೇನಲ್ಲ. ವೀರಪ್ಪನ್ ಇದ್ದಷ್ಟು ಕಾಲ ಯಾವ ಪೀಠವೂ ಆದೇಶ ಹೊರಡಿಸದೆಯೇ ಕತ್ತಲಾದ ಮೇಲೆ ಗಾಡಿ ಹೊರಡಿಸಲು ಜನ ಹಿಂದೆಮುಂದೆ ನೋಡುತ್ತಿದ್ದರು. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಅವನು ಹೊತ್ತೊಯ್ದದ್ದು ಇದೇ ತಾಳವಾಡಿ ಸೀಮೆಯ ಗಾಜನೂರಿನಿಂದ. ಆ ನಿಷೇಧ 108 ದಿನ ಇಡೀ ಕರ್ನಾಟಕವನ್ನೇ ಮನೆಯೊಳಗೆ ಕೂರಿಸಿತ್ತು. ಅದಕ್ಕೆ ವಿನಾಯಿತಿ ಪಟ್ಟಿಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ.

ಪೂರ್ವಪಕ್ಷ: ಕಾಲವಾದಿಗಳು

ಮೊದಲ ಪಂಥದವರು ಗಡಿಯಾರವನ್ನು ಪ್ರಮಾಣವೆಂದು ನಂಬುತ್ತಾರೆ. ಇವರ ಮೂಲಗ್ರಂಥ 2019ರ ಜನವರಿಯಲ್ಲಿ ಈರೋಡು ಜಿಲ್ಲಾಡಳಿತ ಹೊರಡಿಸಿದ ಅಧಿಸೂಚನೆ. ಸರಕು ಲಾರಿಗಳಿಗೆ ಸಂಜೆ 6ರಿಂದ ಬೆಳಗ್ಗೆ 6, ಲಘು ವಾಹನಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6 ಘಾಟಿ ಬಂದ್ ಎಂದು ಅದರಲ್ಲಿತ್ತು. ಕಾರಣವೂ ಸ್ಪಷ್ಟ: ರಾತ್ರಿ ರಸ್ತೆ ದಾಟುವ ಜಿಂಕೆ, ಕಡವೆ, ಚಿರತೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. ಅಧಿಸೂಚನೆ ಹೊರಟಿತು, ಕಡತದೊಳಗೆ ಹೋಗಿ ಮಲಗಿತು. ಮೂರು ವರ್ಷ ಅದರ ಮೇಲೆಯೇ ಲಾರಿಗಳು ಓಡಿದವು. ಕೊನೆಗೆ ಹೈಕೋರ್ಟು ಅದನ್ನು ಎಬ್ಬಿಸಿ ಕೂರಿಸಿತು.

ಕಾಲವಾದಕ್ಕೆ ಎದುರಾಗಿ ನಿಂತ ಮೊದಲ ಪ್ರತಿವಾದಿ ಟೊಮ್ಯಾಟೊ. ಪಣಕಹಳ್ಳಿ ಸುತ್ತಿನಲ್ಲಿ ಟೊಮ್ಯಾಟೊ, ಕೋಸು, ಬೀಟ್‌ರೂಟ್ ಬೆಳೆದವರಿಗೆ ಹಗಲೆಲ್ಲ ಕೊಯ್ಲು, ಇಳಿಹೊತ್ತಿಗೆ ಕ್ರೇಟು ತುಂಬುವುದು, ಕತ್ತಲಾದ ಮೇಲೆ ಲೋಡು ಹೊರಡಿಸುವುದು. ಆಗ ತಾನೇ ಮೆಟ್ಟುಪಾಳಯಕ್ಕೋ ಕೊಯಮತ್ತೂರಿಗೋ ಮಂಡಿ ತೆರೆಯುವ ಮುನ್ನ ಮಾಲು ಮುಟ್ಟುವುದು? ಬೆಳಗ್ಗೆ 6ಕ್ಕೆ ಘಾಟಿ ಇಳಿಯಲು ಶುರುಮಾಡಿದ ಟೊಮ್ಯಾಟೊ ಮಂಡಿ ಸೇರುವ ಹೊತ್ತಿಗೆ ಹರಾಜು ಮುಗಿದಿರುತ್ತದೆ. ಅಂದಿನ ರೇಟು ಬಿದ್ದಿರುತ್ತದೆ. ಇನ್ನೊಂದು ದಿನ ಕಾಯೋಣವೆಂದರೆ ಹಣ್ಣೇ ಒಪ್ಪುವುದಿಲ್ಲ.

ಆನೆಯ ದಿನಚರಿಯೂ ಹೆಚ್ಚು ಕಡಿಮೆ ಇದೇ. ಬಿಸಿಲಿಳಿದ ಮೇಲೆ ನೀರಿಗೂ ಮೇವಿಗೂ ಹೊರಡುತ್ತದೆ, ಬೆಳಕು ಹರಿಯುವ ಮುನ್ನ ಒಳಗೆ ಸೇರುತ್ತದೆ. ಮಂಡಿಯವರೂ ಆನೆಯೂ ಪರಸ್ಪರ ಸಮಾಲೋಚಿಸದೆ ಒಂದೇ ಹನ್ನೆರಡು ಗಂಟೆಗಳನ್ನು ಆರಿಸಿಕೊಂಡದ್ದು ಈ ಶಾಸ್ತ್ರದ ಮೂಲಭೂತ ಸಮಸ್ಯೆ.

ಈ ಘಟ್ಟದಲ್ಲಿ ಬೆಂಚಿನ ಮೇಲೆ ನಡೆಯುವ ವಾದಕ್ಕೆ ಒಂದು ಮಾದರಿ:

“ಆರು ಗಂಟೆಗ ಗೇಟು ಹಾಕ್ಬುಟ್ರ ಲೋಡು ಎತ್ತಗಣ್ಣ ತಕ್ಕೊಂಡೋಗದು?”

“ಚಾಮರಾಜನಗರಕ್ಕ ಹೋಗು. ಅಲ್ಲಿ ಗೇಟಿಲ್ಲ, ಘಾಟಿಯೂ ಇಲ್ಲ.”

“ಅಲ್ಲಿ ಅವ್ರದೇ ಟೊಮ್ಯಾಟೊ ರಾಶಿ ಬಿದ್ದದ ಕಣಣ್ಣ!”

ಅಂತರರಾಜ್ಯ ವಾಣಿಜ್ಯದ ಬಗ್ಗೆ ಇದಕ್ಕಿಂತ ಸಂಕ್ಷಿಪ್ತವಾದ ಪ್ರೌಢ ಪ್ರಬಂಧ ಸಿಗುವುದು ಕಷ್ಟ.

ಪೂರ್ವಪಕ್ಷ: ಚಕ್ರವಾದಿಗಳು

ಎರಡನೆಯ ಪಂಥ ಹುಟ್ಟಿದ್ದು 2022ರ ಏಪ್ರಿಲಿನಲ್ಲಿ, ಹೈಕೋರ್ಟು ತನ್ನ ಆದೇಶವನ್ನು ಸಡಿಲಿಸಿದಾಗ. ಸ್ಥಳೀಯರಿಗೆ ವಿನಾಯಿತಿ ಸಿಕ್ಕಿತು. ಹನ್ನೆರಡು ಚಕ್ರದ ಮತ್ತು ಅದಕ್ಕೂ ಮೇಲಿನ ಲಾರಿಗಳಿಗೆ, 16.2 ಟನ್ ಮೀರಿದ ಭಾರಕ್ಕೆ, ರಾತ್ರಿಯಷ್ಟೇ ಅಲ್ಲ, ಹಗಲಲ್ಲೂ ಬಾಗಿಲು ಮುಚ್ಚಿತು. ಅಲ್ಲಿಗೆ ಕಾಲದ ಪ್ರಶ್ನೆ ಅಂಕಗಣಿತದ ಪ್ರಶ್ನೆಯಾಯಿತು.

ಇದಕ್ಕೆ ಆಧಾರವಿಲ್ಲದೆ ಇಲ್ಲ. ಉದ್ದ ಲಾರಿಯೊಂದು ಹೇರ್‌ಪಿನ್ ತಿರುವಿನಲ್ಲಿ ಒಂದೇ ಏಟಿಗೆ ತಿರುಗುವುದಿಲ್ಲ. ಅರ್ಧ ತಿರುಗಿ, ಹಿಂದಕ್ಕೆ ಬಂದು, ಮತ್ತೆ ತಿರುಗಬೇಕು. ಭಾರ ಹೆಚ್ಚಿದ್ದರೆ ಅಲ್ಲೇ ಉಸಿರುಗಟ್ಟಿ ನಿಲ್ಲುತ್ತದೆ, ಇಲ್ಲವೆ ಮಗುಚಿಕೊಳ್ಳುತ್ತದೆ. ಮೇಲೆ ಹಾಸನೂರಿನ ದಿಕ್ಕಿಗೂ ಕೆಳಗೆ ಬಣ್ಣಾರಿಯ ದಿಕ್ಕಿಗೂ ವಾಹನಗಳ ಸಾಲು ಬೆಳೆಯುತ್ತದೆ. ಬಸ್ಸಿನಲ್ಲಿ ಕುಳಿತವರು ಇಳಿದು ಕಲ್ಲಿನ ಮೇಲೆ ಕೂರುತ್ತಾರೆ, ಹುರಿಗಡಲೆ ಹಂಚಿಕೊಳ್ಳುತ್ತಾರೆ, ಕ್ರೇನು ಎಲ್ಲಿಂದ ಬರಬೇಕೆಂದು ಚರ್ಚಿಸುತ್ತಾರೆ. ಹೀಗೆ ನಿಷೇಧಕ್ಕೂ ಮುಂಚೆ ಘಾಟಿಯನ್ನು ಅತಿ ಹೆಚ್ಚು ಸಲ ಬಂದ್ ಮಾಡಿದ ಕೀರ್ತಿ ಕೆಟ್ಟುನಿಂತ ಲಾರಿಗಳದ್ದೇ. ಅವು ಆಂಬುಲೆನ್ಸಿಗೂ ವಿನಾಯಿತಿ ಕೊಡುತ್ತಿರಲಿಲ್ಲ.

ದೃಷ್ಟಾಂತಗಳು

ಪ್ರಬಂಧಕ್ಕೆ ವಿದೇಶೀ ಪ್ರಮಾಣವಿಲ್ಲದಿದ್ದರೆ ಗೌರವ ಬರುವುದಿಲ್ಲವಾದ್ದರಿಂದ ಇಲ್ಲಿ ರೋಮ್ ನಗರವನ್ನು ಕರೆಯಲಾಗಿದೆ. ಕ್ರಿಸ್ತಪೂರ್ವ 45ರ ಸುಮಾರಿಗೆ ಜೂಲಿಯಸ್ ಸೀಸರನ ಕಾಲದ ಕಾನೂನು, ಸೂರ್ಯೋದಯದಿಂದ ಹಗಲಿನ ಹತ್ತನೆಯ ಗಂಟೆಯವರೆಗೆ ನಗರದೊಳಗೆ ಸರಕು ಗಾಡಿ ಓಡಬಾರದೆಂದಿತು. ದಿಂಬಮ್ಮಿನಲ್ಲಿ ಮುಚ್ಚಿದ್ದು ರಾತ್ರಿ, ರೋಮಿನಲ್ಲಿ ಹಗಲು. ಫಲಿತಾಂಶದಲ್ಲಿ ಮಾತ್ರ ಹೆಚ್ಚು ಅಂತರವಿಲ್ಲ: ಹಗಲಿನ ಗಾಡಿಗಳೆಲ್ಲ ರಾತ್ರಿಗೆ ಸರಿದವು. ಆ ಸದ್ದಿನಲ್ಲಿ ರೋಮಿನಲ್ಲಿ ಯಾರಿಗೂ ನಿದ್ದೆ ಬಾರದೆಂದು ಮುಂದೆ ಜುವೆನಲ್ ಎಂಬ ಕವಿ ಗೊಣಗಿದ್ದಾನೆ.

ಆದರೆ ರೋಮನ್ನರ ನಿಜವಾದ ಪ್ರತಿಭೆ ಇರುವುದು ವಿನಾಯಿತಿಯಲ್ಲಿ. ದೇವಾಲಯ ಕಟ್ಟುವ ಸಾಮಾನಿಗೆ ವಿನಾಯಿತಿ. ವೆಸ್ತಾ ದೇವಿಯ ಪೂಜಾರಿಣಿಯರ ಗಾಡಿಗೆ ವಿನಾಯಿತಿ. ಯುದ್ಧ ಗೆದ್ದು ಬಂದವನ ಮೆರವಣಿಗೆಗೆ ವಿನಾಯಿತಿ. ರಾತ್ರಿ ಒಳಬಂದು ಹಗಲು ಖಾಲಿ ಹೊರಹೋಗುವ ಗಾಡಿಗೆ, ಊರಿನ ಸಗಣಿ ಗೊಬ್ಬರ ಹೊತ್ತು ಹೊರಹೋಗುವ ಗಾಡಿಗೆ ವಿನಾಯಿತಿ. ಈ ಕೊನೆಯ ಅಂಶ ತಾಳವಾಡಿ ಸೀಮೆಯ ವಿದ್ವಾಂಸರಿಗೆ ವಿಶೇಷ ಹೆಮ್ಮೆ ತರತಕ್ಕದ್ದು. ಇಲ್ಲಿನ ಗುಮಟಾಪುರದಲ್ಲಿ ದೀಪಾವಳಿ ಮುಗಿಯುತ್ತಲೇ ನಡೆಯುವ ಗೊರೆಹಬ್ಬಕ್ಕೆ ಮನೆಮನೆಯ ಸಗಣಿಯನ್ನು ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಬಳಿ ಗುಡ್ಡೆ ಹಾಕುತ್ತಾರೆ, ಆಮೇಲೆ ಗಂಡಸರು ಅದರಲ್ಲಿ ಇಳಿದು ಒಬ್ಬರಿಗೊಬ್ಬರು ಎರಚಾಡುತ್ತಾರೆ. ಸಗಣಿ ಗಾಡಿಯನ್ನು ಪೂಜಾರಿಣಿಯ ಗಾಡಿಯ ಸಾಲಿನಲ್ಲೇ ಇಟ್ಟ ಸೀಸರನಿಗೆ ಗುಮಟಾಪುರದಲ್ಲಿ ತಕ್ಕ ಮರ್ಯಾದೆ ಸಿಗುತ್ತಿತ್ತು.

ಹತ್ತಿರದ ದೃಷ್ಟಾಂತ ಬಂಡೀಪುರ. 2009ರ ಜೂನಿನಲ್ಲಿ ನೆರೆಯ ಚಾಮರಾಜನಗರದ ಜಿಲ್ಲಾಧಿಕಾರಿ ಅಲ್ಲಿ ರಾತ್ರಿ ಸಂಚಾರ ನಿಲ್ಲಿಸಿದರು, ಒತ್ತಡ ಬಂದು ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು, ಕರ್ನಾಟಕ ಹೈಕೋರ್ಟು ಮತ್ತೆ ಬಾಗಿಲು ಹಾಕಿತು. ಅಂದಿನಿಂದ ರಾತ್ರಿ 9ರಿಂದ ಬೆಳಗ್ಗೆ 6 ಬಂದ್. ಆಂಬುಲೆನ್ಸಿಗೂ ಬೆರಳೆಣಿಕೆಯ ಸರಕಾರಿ ಬಸ್ಸುಗಳಿಗೂ ಮಾತ್ರ ದಾರಿ. ಗಡಿಯಾಚೆ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ 2019ರಲ್ಲಿ ಜನ ಉಪವಾಸ ಕೂತರು. ಒಂದೇ ಗೇಟು ಒಂದು ರಾಜ್ಯದಲ್ಲಿ ಸಂರಕ್ಷಣೆ, ಇನ್ನೊಂದರಲ್ಲಿ ದಿಗ್ಬಂಧನ.

ಮೈಸೂರಿನ ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಗಳೂ ಇಲ್ಲಿ ಉಲ್ಲೇಖಾರ್ಹ. ಅಂದು ಖಾಸಗಿ ವಾಹನಕ್ಕೆ ಬೆಟ್ಟ ಹತ್ತಲು ಬಿಡುವುದಿಲ್ಲ, ಭಕ್ತರೆಲ್ಲ ಲಲಿತಮಹಲ್ ಹೆಲಿಪ್ಯಾಡಿನಿಂದ ಬಸ್ಸಿನಲ್ಲೇ ಹೋಗಬೇಕು. ಗಣ್ಯರ ಕಾರುಗಳಿಗೆ ಈ ಸೂತ್ರ ಹೇಗೆ ಅನ್ವಯಿಸುತ್ತದೆಂದು ಕ್ಯೂನಲ್ಲಿ ನಿಂತವರನ್ನು ಕೇಳಿ ತಿಳಿಯತಕ್ಕದ್ದು. ಬೆಂಗಳೂರಿನ ಚರ್ಚ್ ಸ್ಟ್ರೀಟು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿತ್ತು. ಅಲ್ಲಿ ಜನ ರಸ್ತೆಯ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ದಿಂಬಮ್ಮಿನ ರಸ್ತೆಯ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ, ಆದರೆ ಅವರ ಹಿಂದೆ ನಿಂತದ್ದು ಆನೆ. ಅರಣ್ಯ ಇಲಾಖೆ ಅದಕ್ಕೆ ದಂಡ ಹಾಕುತ್ತದೆ.

ಗಜಾಧಿಕರಣ

ಇಷ್ಟು ಹೊತ್ತು ಬೆಂಚಿನ ಮೂಲೆಯಲ್ಲಿ ಕೂತಿದ್ದ ಅಜ್ಜ ಎತ್ತುವ ಪ್ರಶ್ನೆಯೇ ಈ ಅಧ್ಯಾಯಕ್ಕೆ ಮೂಲ: “ಆನೆಗ ಯಾರಪ್ಪ ಪಾಸು ಕೊಟ್ಟೋರು?”

ತಾಳವಾಡಿಯಿಂದ ಸತ್ಯಮಂಗಲದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿಗಳು ಇದೇ ದಾರಿಯಲ್ಲಿ ಇಳಿಯುತ್ತವೆ. ಹಾಸನೂರಿಗೂ ಕಾರಪಳ್ಳಂ ಚೆಕ್‌ಪೋಸ್ಟಿಗೂ ನಡುವೆ ಆನೆ ರಸ್ತೆಗೆ ಅಡ್ಡ ಬಂದು ನಿಲ್ಲುತ್ತದೆ. ಅವಸರವಿಲ್ಲ. ಲಾರಿ ನಿಂತ ಮೇಲೆ ಪಕ್ಕಕ್ಕೆ ಬಂದು, ಸೊಂಡಿಲು ಮೇಲೆತ್ತಿ, ಕಟ್ಟಿನ ನಡುವಿಂದ ಎರಡು ಜಲ್ಲೆ ಹಿರಿದು, ಕಾಲ ಕೆಳಗಿಟ್ಟು ಮುರಿದು, ಬಾಯಿಗೆ ಹಾಕಿಕೊಳ್ಳುತ್ತದೆ. ಮರಿ ಜೊತೆಗಿದ್ದರೆ ಅದಕ್ಕೊಂದು ಪಾಲು. ಡ್ರೈವರು ಹಾರ್ನು ಒತ್ತುವುದಿಲ್ಲ. ಒಂದಿಷ್ಟು ಕಬ್ಬು ತಾನೇ ಎಸೆದು ಬೇಗ ಬಿಡಿಸಿಕೊಳ್ಳುವವರೂ ಇದ್ದರು. ಹಾಗೆ ಎಸೆದದ್ದರಿಂದಲೇ ಆನೆಗಳು ರಸ್ತೆ ಕಾಯುವುದನ್ನು ಕಲಿತವೆಂದು ಅರಣ್ಯ ಇಲಾಖೆ ಎಚ್ಚರಿಸಿತು, ಎಸೆಯಕೂಡದೆಂದಿತು. ಅತಿ ಎತ್ತರಕ್ಕೆ ತುಂಬಿದ ಕಬ್ಬಿನ ಲಾರಿಗಳು ದಾಟದಂತೆ ಕಾರಪಳ್ಳಂನಲ್ಲಿ ಅಡ್ಡಪಟ್ಟಿಯೂ ಬಂತು.

ದಿನಕ್ಕೆ 150 ಕಿಲೋಗೂ ಹೆಚ್ಚು ಮೇವು ಬೇಕಾದ ಪ್ರಾಣಿಗೆ ಎರಡು ಜಲ್ಲೆ ಯಾವ ಲೆಕ್ಕ ಎಂದು ಕೇಳಬಹುದು. ಲೆಕ್ಕ ಹೊಟ್ಟೆಯದ್ದಲ್ಲ, ಅಧಿಕಾರವ್ಯಾಪ್ತಿಯದ್ದು. ಈ ರಸ್ತೆಯಲ್ಲಿ ಸಮಯ ನೋಡದೆ, ಚಕ್ರ ಎಣಿಸದೆ, ತೂಕ ಹಾಕದೆ, ಎಲ್ಲ ವಾಹನಗಳನ್ನೂ ಸಮಾನವಾಗಿ ನಿಲ್ಲಿಸುವ ಏಕೈಕ ಪ್ರಾಧಿಕಾರ ಆನೆ. ಅದರ ಆದೇಶಕ್ಕೆ ಮೂರು ವರ್ಷ ಕಡತದಲ್ಲಿ ಮಲಗುವ ಅಭ್ಯಾಸವಿಲ್ಲ.

ಸಿದ್ಧಾಂತ ಮತ್ತು ಶೇಷಪ್ರಶ್ನೆಗಳು

ಮೇಲಿನ ಚರ್ಚೆಯಿಂದ ಪ್ರತಿಜ್ಞೆ ಸಿದ್ಧವಾಯಿತು. ರೋಮಿನಲ್ಲಿ ದಾಟಿದ್ದು ಸಗಣಿ ಗಾಡಿ, ಬಂಡೀಪುರದಲ್ಲಿ ಎಣಿಸಿ ಬಿಟ್ಟ ಬಸ್ಸು, ದಿಂಬಮ್ಮಿನಲ್ಲಿ ಸ್ಥಳೀಯ. ಒಂದೊಂದು ಊರು ಯಾರಿಗೆ ಬಾಗಿಲು ತೆರೆಯಿತೋ ಅದರಿಂದಲೇ ಆ ಊರಿನ ಜಗಳ ಏನೆಂದು ಹೇಳಬಹುದು. ದಿಂಬಮ್ಮಿನ ಜಗಳವಿದ್ದದ್ದು ಆನೆಗೂ ಪಣಕಹಳ್ಳಿಗೂ ನಡುವೆ ಅಲ್ಲ. ಎರಡು ಮಹಾನಗರಗಳ ನಡುವೆ ಸುತ್ತು ಉಳಿಸಲು ಕಾಡಿನೊಳಗೆ ನುಗ್ಗುತ್ತಿದ್ದ ಉದ್ದ ಲಾರಿಗೂ, ಬೇರೆ ದಾರಿಯೇ ಇಲ್ಲದ ಊರಿಗೂ ಒಂದೇ ಗಡಿಯಾರ ಕಟ್ಟಿದ್ದು ಮೊದಲ ಆದೇಶ. ಅವೆರಡನ್ನೂ ಬೇರ್ಪಡಿಸಲು ಕೋರ್ಟಿಗೆ ಎರಡು ತಿಂಗಳು ಹಿಡಿಯಿತು.

ಬೇರ್ಪಡಿಸಿದ ಮೇಲೂ ಕೆಲವು ಪ್ರಶ್ನೆಗಳು ಮುಂದಿನ ಸಂಶೋಧಕರಿಗಾಗಿ ಉಳಿದಿವೆ. ಪಣಕಹಳ್ಳಿಯಲ್ಲಿ ಹುಟ್ಟಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುವವನು ಹಬ್ಬಕ್ಕೆಂದು ರಾತ್ರಿ ಹತ್ತಕ್ಕೆ ಬಣ್ಣಾರಿ ಗೇಟಿಗೆ ಬಂದರೆ, ಗುರುತಿನ ಚೀಟಿಯಲ್ಲಿ ತಿರುಪ್ಪೂರಿನ ವಿಳಾಸವಿದ್ದರೆ, ಅವನು ಸ್ಥಳೀಯನೋ ಪರಸ್ಥಳದವನೋ? ಅವನ ಅವ್ವ ಗೇಟಿಗೆ ಫೋನು ಹಚ್ಚಿ ‘ನನ್ನ ಮಗನೇ ಕಣಪ್ಪ’ ಎಂದರೆ ಅದು ಪ್ರಮಾಣವೋ ಅಲ್ಲವೋ? ಕೋಸು ಪಣಕಹಳ್ಳಿಯದ್ದು, ಲಾರಿ ಮೆಟ್ಟುಪಾಳಯದ್ದು, ಡ್ರೈವರು ಚಾಮರಾಜನಗರದವನು ಎಂದಾದಾಗ ಸ್ಥಳೀಯತೆಯನ್ನು ಯಾರ ಮುಖ ನೋಡಿ ನಿರ್ಣಯಿಸಬೇಕು? ಬೆಂಚಿನ ಬಹುಮತ ಕೋಸಿನ ಪರವಾಗಿದೆ. ಆದರೆ ಕೋಸಿಗೆ ಆಧಾರ್ ಕಾರ್ಡ್ ಮಾಡಿಸಿಕೊಟ್ಟವರು ಇನ್ನೂ ಯಾರೂ ಇಲ್ಲ.