ಕಟ್ಟೆ ಬಿಡುವ ಶಾಸ್ತ್ರ: ಗುಡಗೇರಿಯ ಹರಟೆಕೂಟದ ಸದಸ್ಯತ್ವ ಕುರಿತು ಒಂದು ಪ್ರೌಢ ಪ್ರಬಂಧ

ಹರಟೆಯ ಬಗ್ಗೆ ಪಂಡಿತರು ಈಗಾಗಲೇ ಸಾಕಷ್ಟು ಹರಟಿರುವುದರಿಂದ ಅದು ಈ ಪ್ರಬಂಧದ ವಿಷಯವಲ್ಲ. ಹರಟೆಯ ಕೂಟಕ್ಕೆ ಸೇರುವುದು ಹೇಗೆ, ಸೇರಿದ ಮೇಲೆ ಎಷ್ಟು ಕೇಳಿಸಿಕೊಳ್ಳಬೇಕು, ಸಾಕಾದಾಗ ಹೆಸರು ತೆಗೆಸುವುದು ಹೇಗೆ ಎಂಬ ಆಡಳಿತಾತ್ಮಕ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಅಧ್ಯಯನದ ಕ್ಷೇತ್ರ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಗುಡಗೇರಿ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ಪ್ಯಾಸೆಂಜರ್ ಗಾಡಿ ಕುಂದಗೋಳ, ಸಂಶಿ ದಾಟಿದ ಮೇಲೆ ಸಿಗುವ ಊರು. ಅಧ್ಯಯನದ ಸಾಮಗ್ರಿ ಬೇವಿನ ಗಿಡದ ಸುತ್ತ ಕಲ್ಲು ಹಾಸಿದ ಒಂದು ಕಟ್ಟೆ, ಎದುರಿಗೊಂದು ಚಾದಂಗಡಿ. ಸಂಶೋಧನೆಯ ಖರ್ಚನ್ನು ಯಾವ ವಿಶ್ವವಿದ್ಯಾಲಯವೂ ಹೊತ್ತಿಲ್ಲ. ಚಾದ ಉದ್ರಿ ಇನ್ನೂ ತೀರಬೇಕಾಗಿದೆ.

ಮೊದಲು ಲಕ್ಷಣ. “ಎಲ್ಲಾರೂ ಕುಂಡ್ರೂದಕ್ಕ ಕಟ್ಟಿ ಅಂತಾರ” ಎಂಬುದು ಸ್ಥಳೀಯರು ಕೊಡುವ ವ್ಯಾಖ್ಯೆ. ತರ್ಕಶಾಸ್ತ್ರದ ಪ್ರಕಾರ ಒಂದು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಹುದು. ಈ ಒಂದೇ ವಾಕ್ಯಕ್ಕೆ ಮೂರೂ ತಗಲಿವೆ. ಒಣಗಲು ಹರವಿದ ಮೆಣಸಿನಕಾಯಿ, ಅದನ್ನು ಕಾಯುವ ಮುದುಕ, ಅವನ ಕಣ್ಣು ತಪ್ಪಿಸಿ ಬಂದ ಆಡು, ಮೂವರೂ ಕಟ್ಟೆಯ ಮೇಲಿರುವುದರಿಂದ ಆಡಿಗೂ ಸದಸ್ಯತ್ವ ಕೊಡಬೇಕಾಗುತ್ತದೆ, ಇದು ಅತಿವ್ಯಾಪ್ತಿ. ಊರಿನ ಅರ್ಧ ಜನ, ಎಂದರೆ ಹೆಣ್ಣುಮಕ್ಕಳು, ಇದರ ಮೇಲೆ ಎಂದೂ ಕೂತವರಲ್ಲ, ಇದು ಅವ್ಯಾಪ್ತಿ. (ಅವರ ಕೂಟ ಹಿಟ್ಟಿನ ಗಿರಣಿಯ ಮುಂದೆ ನಡೆಯುತ್ತದೆ. ಅಲ್ಲಿ ಮುಂಜಾನೆ ಹಳಸಿದ ಸುದ್ದಿಯನ್ನು ಕಟ್ಟೆಯ ಮೇಲೆ ಸಂಜೆ ಬಿಸಿ ಬಿಸಿ ಎಂದು ಬಡಿಸಲಾಗುತ್ತದೆ.) ಇನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಕೆಲವು ಕೇರಿಗಳ ಅಜ್ಜಂದಿರು ಇಂಥ ಕಲ್ಲಿನ ಮೇಲೆ ಕೂಡುವುದು ಹಾಗಿರಲಿ, ಅದರ ಮುಂದೆ ಚಪ್ಪಲಿ ಮೆಟ್ಟಿಕೊಂಡು ಹಾಯುವಂತಿರಲಿಲ್ಲ. ಆ ಕಾಲಕ್ಕೆ ‘ಎಲ್ಲಾರೂ’ ಎಂಬ ಪದ ಅಸಂಭವ. ಶಾಸ್ತ್ರಕಾರರು ಇದನ್ನು ದೋಷ ಎಂದಷ್ಟೇ ಕರೆದಿದ್ದಾರೆ. ಅವರು ಮೆತ್ತಗಿನ ಜನ.

ಸೇರ್ಪಡೆಗೆ ಅರ್ಜಿ ನಮೂನೆಯಿಲ್ಲ. ಅದರ ಬದಲು ಮೂರು ಅವಸ್ಥೆಗಳಿವೆ: ನಿಂತವನು, ಆತುಕೊಂಡವನು, ಕುಂತವನು. ನಿಂತವನು ಇನ್ನೂ ಹೊರಗಿನವ. ಯಾರನ್ನೋ ಹುಡುಕಿಕೊಂಡು ಬಂದಿದ್ದೇನೆಂಬ ನೆವ ಅವನ ಕೈಯಲ್ಲಿರುತ್ತದೆ. ಆತುಕೊಂಡವನು ಒಂದು ಕಾಲನ್ನು ಕಟ್ಟೆಗೆ ಹಚ್ಚಿ, ಸೈಕಲ್ ಮೋಟಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ, “ನಂಗ ಟೈಮಿಲ್ಲ” ಎನ್ನುತ್ತ ತಾಸುಗಟ್ಟಲೆ ನಿಲ್ಲುವ ಸಂಧಿಕಾಲದ ಜೀವಿ. ಯಾರಾದರೂ ಸರಿದು ಜಾಗ ಮಾಡಿ “ಬಾರೋ, ಕುಂಡ್ರು” ಎಂದರೆ ನೋಂದಣಿ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಇಲ್ಲ. ಅದು ಆಹ್ವಾನ ಮಾತ್ರ. ಖಾತ್ರಿ ಆಗುವುದು ಚಾದಿಂದ. ಕುಂತವನು ತಾನಾಗಿಯೇ ಎದುರಿನ ಅಂಗಡಿಗೆ ಕೇಳುವಂತೆ “ಎರಡರಾಗ ನಾಕು ಮಾಡು” ಎಂದು ಕೂಗಬೇಕು. ಈ ಎರಡನೆಯ ಮೆಟ್ಟಿಲು ಯಾಕೆ ಬೇಕು ಎಂಬ ಶಂಕೆಗೆ ಸಮಾಧಾನ ಇದು: ಕೆಲವರು ಬೇರೆಯವರ ಹೆಸರು ಹೇಳಿ ಚಾ ತರಿಸುವ ದುಷ್ಟ ರೂಢಿ ಇದೆ. ಕೊರಳು ಯಾರದೋ ಲೆಕ್ಕ ಅವರದು ಎಂಬ ನಿಯಮವನ್ನು ಚಾದಂಗಡಿಯವನು ಕಟ್ಟುನಿಟ್ಟಾಗಿ ಪಾಲಿಸುವುದರಿಂದ ಗುಡಗೇರಿಯಲ್ಲಿ ಯಾರನ್ನೂ ಅವರಿಗೆ ತಿಳಿಯದಂತೆ ಸದಸ್ಯರನ್ನಾಗಿ ಮಾಡಲು ಬರುವುದಿಲ್ಲ.

ಈ ಊರಿಗೆ ಪಟ್ಟಿ ಎಂಬುದು ಹೊಸತಲ್ಲ. ಕ್ರಿ.ಶ. 1076-77ರ ಗುಡಿಗೆರೆಯ ಜೈನ ಶಾಸನವೇ ಅದಕ್ಕೆ ಸಾಕ್ಷಿ. ಪುರಿಗೆರೆ ಅಥವಾ ಪುಲಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಕಟ್ಟಿಸಿದ ಆನೆಸೆಜ್ಜೆಯ ಬಸದಿ. ಆ ಬಸದಿಗೆ ಸೇರಿದ ಗುಡಿಗೆರೆಯ ಭೂಮಿ. ಅದನ್ನು ಪಡೆದು ಹಂಚಿಕೊಟ್ಟ ಶ್ರೀನಂದಿ ಪಂಡಿತ. ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಕಲ್ಲಿನಲ್ಲಿ ಕೊರೆಸಿದರೆ ಆಮೇಲೆ ತಿದ್ದುಪಡಿಗೆ ಅವಕಾಶವಿರುವುದಿಲ್ಲ. ಒಬ್ಬ ಸದಸ್ಯನ ಹೆಸರು ತೆಗೆಯಬೇಕೆಂದರೂ ಉಳಿ ಬೇಕು. ನಮ್ಮ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪಾಶಯ ಇರುತ್ತದೆ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ನಿಯಮ ಮತ್ತು ಷರತ್ತುಗಳನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಆಮೇಲೆ ಯಾರೂ ಬರೆದಿಲ್ಲ. ಇನ್ನೊಂದು ಸಂಗತಿ. ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನೆಲ ಎಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಈ ಪುಲಿಗೆರೆಯೂ ಒಂದು. ಆದ್ದರಿಂದ ಗುಡಗೇರಿಯ ಕಟ್ಟೆಯ ಮೇಲೆ ಆಡುವ ಬೈಗುಳ ತಿರುಳ್ಗನ್ನಡ ಎಂದು ವಾದಿಸಲು ಅಡ್ಡಿಯಿಲ್ಲ, ಮತ್ತು ಸದಸ್ಯರು ಹಾಗೆ ವಾದಿಸಿದ್ದಾರೆ.

ಊರಿಗೆ ಊರೇ ಚಂದಾದಾರನಾದ ಪ್ರಸಂಗವೂ ಇದೆ. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ ಇದ್ದಾಗ ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು, ಗುಡಗೇರಿ ಮಿರಜದ ಪಟವರ್ಧನರ ಕೈಯಲ್ಲಿತ್ತು. 1948ರಲ್ಲಿ ಮುಂಬಯಿ ಪ್ರಾಂತ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಮನೆ ಬಿಟ್ಟು ಕದಲದೆ ಇಷ್ಟು ಕಡೆ ವರ್ಗವಾದ ಜನಕ್ಕೆ ಹೆಸರು ಹಚ್ಚುವುದು, ತೆಗೆಯುವುದು ಮೇಲಿನವರ ಕೆಲಸ ಎನ್ನಿಸಿದರೆ ತಪ್ಪೇನು? ಆದರೂ ಮೇಲಿನವರಿಗೆ ಅರ್ಜಿ ಹೋಗದೆ ಇರಲಿಲ್ಲ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ 1953ರಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಅಂಥ ಅರ್ಜಿಯ ಎದುರಿಗೆ ನಮ್ಮ ಕಟ್ಟೆ ವ್ಯವಹಾರ ಹುಡುಗಾಟ ಎಂದು ಒಪ್ಪಿಕೊಂಡು ಮುಂದೆ ಹೋಗೋಣ.

ಸೇರಿದವನಿಗೆ ಹರಟೆ ಯಾವ ಪ್ರಮಾಣದಲ್ಲಿ ಬೇಕು ಎಂಬ ಆಯ್ಕೆ ಉಂಟು. ಇದಕ್ಕೆ ಶಾಸ್ತ್ರೀಯ ನಿದರ್ಶನ ಕುಂದಗೋಳದಲ್ಲೇ ಇದೆ. ಸವಾಯಿ ಗಂಧರ್ವರ ಹತ್ತಿರ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಇದೇ ರೈಲುಹಾದಿ ಹಿಡಿದು ಬಂದು ಪಾಠ ಹೇಳಿಸಿಕೊಂಡು ತಿರುಗಿ ಹೋಗುತ್ತಿದ್ದರು. ಇರುವುದು ಒಂದು ಬಗೆ, ಬಂದುಹೋಗುವುದು ಇನ್ನೊಂದು ಬಗೆ. ಕಟ್ಟೆಯಲ್ಲೂ ಹಾಗೆಯೇ. ನಿತ್ಯ ಸದಸ್ಯನಿಗೆ ಪ್ರತಿ ಮಾತೂ ಅದು ಹುಟ್ಟಿದ ಕ್ಷಣವೇ ಮುಟ್ಟುತ್ತದೆ. ಹೊಲದಲ್ಲೇ ಠಿಕಾಣಿ ಹಾಕಿದವನು ಸಂತೆಯ ದಿನ ಬಂದು ಕ್ಷೌರಕ್ಕೆ ಕೂತಾಗ ವಾರದ ಎಲ್ಲ ಸುದ್ದಿಯನ್ನೂ ಒಂದೇ ಗಂಟಿನಲ್ಲಿ ಪಡೆಯುತ್ತಾನೆ. ಈ ಗಂಟನ್ನು ಸಂಪಾದಿಸುವವನು ಕ್ಷೌರಿಕ. ಅವನ ಸಂಪಾದನಾ ಕೌಶಲವನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಸಂಗ್ರಹ ಬಿತ್ತರವಾಗುವಾಗ ಕತ್ತಿ ಕೇಳುಗನ ಕುತ್ತಿಗೆಯ ಮೇಲಿರುತ್ತದೆ. ಹೆಸರು ಬಿಡಿಸುವ ಹಂಗಾಮು, ಜೋಳದ ರಾಶಿ ಇವು ಬಂದಾಗ ಸದಸ್ಯತ್ವ ತಾನಾಗಿ ತಾತ್ಪೂರ್ತಿಕ ಸ್ಥಗಿತವಾಗುತ್ತದೆ; ಎರಡು ದಿನ ಮಳೆ ಹಿಡಿದರೆ ತಾನಾಗಿಯೇ ಚಾಲೂ ಆಗುತ್ತದೆ.

‘ತಾನಾಡಿದ ಮಾತು ತನಗೂ ತಿರುಗಿ ಬರಲಿ’ ಎಂಬ ಒಂದು ವಿಚಿತ್ರ ಸೌಲಭ್ಯವೂ ಇದ್ದು ಇದನ್ನು ಮುಚ್ಚುವ ಗುಂಡಿ ಸಿಕ್ಕಿಲ್ಲ. ಮುಂಜಾನೆ ಒಬ್ಬ ಸದಸ್ಯ “ಈ ಸಲ ಹತ್ತಿಗೆ ರೇಟು ಬರೂದು ಕಷ್ಟ ಕಾಣತೈತಿ” ಎಂದು ನಿಟ್ಟುಸಿರಿಟ್ಟರೆ, ಸಂಜೆಗೆ ಅದು ಅವನ ಹತ್ತಿರವೇ ಬಂದು, ಗುಡಗೇರಿಯ ಯಾರೋ ದೊಡ್ಡ ರೈತ ಹತ್ತಿಯನ್ನೆಲ್ಲ ಕಿತ್ತು ಗೋವಿನಜೋಳ ಹಾಕುತ್ತಿದ್ದಾನಂತೆ ಎಂದು ಹೇಳುತ್ತದೆ. ಅವನು ಗಾಬರಿಯಾಗಿ ತನ್ನ ಹತ್ತಿಯನ್ನು ನೋಡಲು ಓಡುತ್ತಾನೆ.

ಪ್ರತಿ ಸದಸ್ಯನಿಗೂ ಒಂದು ಗುಪ್ತಪದವಿದೆ. ಅದು ಅವನು ಮರೆಯಬೇಕೆಂದಿರುವ ಒಂದು ಹಳೆಯ ಸಂಗತಿ: ಶಾಲೆಯಲ್ಲಿ ಬಿದ್ದ ಹೆಸರು, ಹೆಣ್ಣು ನೋಡಲು ಹೋಗಿ ಬೇರೆ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದದ್ದು, ಇತ್ಯಾದಿ. ಗುಪ್ತಪದ ಉಳಿದ ಎಲ್ಲರಿಗೂ ಗೊತ್ತು. ಸದಸ್ಯ ಅದನ್ನು ಮರೆತಾನೆಂಬ ಕಾಳಜಿಯಿಂದ ಅಮಾಸಿಗೊಮ್ಮೆ, ಬೀಗರು ಜೊತೆಯಲ್ಲಿರುವ ಹೊತ್ತು ನೋಡಿ, ಗಟ್ಟಿಯಾಗಿ ನೆನಪಿಸಲಾಗುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ. ಚಂದಾ ಕೊಟ್ಟು ಸೇರುವ, ಚಂದಾ ನಿಲ್ಲಿಸಿ ಬಿಡುವ ಸುಸಂಸ್ಕೃತ ಪದ್ಧತಿ ಧಾರವಾಡ ಜಿಲ್ಲೆಯಲ್ಲೇ ಇರುವಾಗ ಕಟ್ಟೆಗೆ ಯಾಕಿಲ್ಲ? ವಾದಿಗಳು ಮನೋಹರ ಗ್ರಂಥಮಾಲೆಯನ್ನು ಮುಂದಿಡುತ್ತಾರೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಈ ಮಾಲೆಯ ಚಂದಾದಾರರಿಗೆ ವರ್ಷವರ್ಷವೂ ಪುಸ್ತಕಗಳು ಬರುತ್ತಿದ್ದವು. ಗಿರೀಶ ಕಾರ್ನಾಡರ ‘ಯಯಾತಿ’ ಹೊರಬಂದದ್ದೂ ಇಲ್ಲಿಂದಲೇ, 1961ರಲ್ಲಿ. ಅಲ್ಲಿಯೂ ಹರಟೆಗೆ ಒಂದು ಸ್ಥಳವಿತ್ತು: ಮಾಲೆಯ ಅಟ್ಟ, ಕೀರ್ತಿನಾಥ ಕುರ್ತಕೋಟಿಯವರಂಥವರು ಮಾತಿಗೆ ಕೂಡುತ್ತಿದ್ದ ಜಾಗ. ಉತ್ತರಪಕ್ಷ ಸರಳ. ಅಟ್ಟಕ್ಕೆ ಮೆಟ್ಟಿಲಿದ್ದವು, ಹತ್ತಿದವರು ಇಳಿಯುತ್ತಿದ್ದರು, ಕೆಲವರು ಇಳಿಯುವಾಗ ಲೇಖಕರೂ ಆಗಿರುತ್ತಿದ್ದರು. ಕಟ್ಟೆ ಮೊಣಕಾಲೆತ್ತರ. ಅಷ್ಟು ಕಡಿಮೆ ಎತ್ತರದಿಂದ ಯಾರೂ ಇಳಿದ ದಾಖಲೆಯಿಲ್ಲ.

ಹೀಗೆ ಪ್ರಬಂಧದ ಗಂಟಲಿಗೆ ಬಂದೆವು: ನಿರ್ಗಮನ. ಬಿಡಲು ಪ್ರಯತ್ನಿಸಿದವರ ವಿಧಾನಗಳು ಹಲವು. ಘೋಷಿಸಿ ಬಿಡುವುದು ಅತಿ ಹಳೆಯದು, ಅತಿ ನಿಷ್ಫಲವಾದದ್ದು. “ಇವತ್ತಿಂದ ಈ ಕಟ್ಟಿ ಹತ್ತಿದರ ನಮ್ಮಪ್ಪಗ ಹುಟ್ಟಿದ ಮಗಾ ಅಲ್ಲ” ಎಂದು ಟವೆಲ್ ಝಾಡಿಸಿ ಎದ್ದುಹೋದವನು, ತಾನು ಹೋದ ಮೇಲೆ ಕಟ್ಟೆ ಬೇರೆ ವಿಷಯಕ್ಕೆ ಹೋಗುತ್ತದೆ ಎಂದುಕೊಂಡಿರುತ್ತಾನೆ. ಕಟ್ಟೆ ಅವನನ್ನೇ ವಿಷಯ ಮಾಡಿಕೊಳ್ಳುತ್ತದೆ. ಯಾಕೆ ಸಿಟ್ಟಾದ, ಮನೆಯಲ್ಲಿ ಏನಾದರೂ ಆಗಿರಬೇಕು, ಹೋದ ವರ್ಷ ಸೊಸೈಟಿ ಸಾಲದ ಹೊತ್ತಿಗೂ ಹಿಂಗೇ ಮಾಡಿದ್ದ. ಮೂರನೆಯ ದಿನ ಅವನು ತನ್ನ ಬಗ್ಗೆ ಏನು ತೀರ್ಮಾನವಾಯಿತು ಎಂದು ತಿಳಿಯಲು ಬರುತ್ತಾನೆ. ಬಂದವನಿಗೆ ಜಾಗ ಸರಿಯುತ್ತದೆ. ಯಾರೂ ಅವನ ಅಪ್ಪನ ಹೆಸರು ಎತ್ತುವುದಿಲ್ಲ. ಅದು ಅಮಾಸಿಗಾಗಿ ಕಾದಿರಿಸಿದ್ದು.

ಹೇಳದೆ ಬಿಡುವುದು ಇದಕ್ಕಿಂತ ಅಪಾಯಕಾರಿ. ನಾಲ್ಕು ದಿನ ಕಾಣದವನ ಮನೆಗೆ ಕಟ್ಟೆಯೇ ನಡೆದು ಬರುತ್ತದೆ. ಆರಾಮಿಲ್ಲವೆಂದರೆ ಔಷಧ ಹೇಳುತ್ತದೆ. ಆರಾಮಿದ್ದಾನೆಂದರೆ ಕೂತು ಕಾರಣ ಕೇಳುತ್ತದೆ. ಮನೆಯ ಹೆಣ್ಣುಮಕ್ಕಳು ಕಟ್ಟೆಯವರಿಗೆಲ್ಲ ಚಾ ಕಾಸಬೇಕಾಗುತ್ತದೆ. ಮರುದಿನ ಅವನನ್ನು ಕಟ್ಟೆಗೆ ದಬ್ಬುವವರು ಮನೆಯವರೇ. ಹುಬ್ಬಳ್ಳಿಯ ಮಗನ ಮನೆ ಸೇರಿದ ಪಿಂಚಣಿದಾರರ ಪ್ರಕರಣದಲ್ಲಾದರೂ ಹೆಸರು ಕಡಿಯಬೇಕಿತ್ತು. ಊರಿನ ಮನೆಗೆ ಸುದ್ದಿ ಕಳಿಸಿದರೆ ಮುಟ್ಟುವುದಿಲ್ಲ, ತಿರುಗಿ ಬರುತ್ತದೆ. ಆದರೆ ಕಟ್ಟೆ, ಆಸ್ಪತ್ರೆಗೋ ಕಚೇರಿಗೋ ಹುಬ್ಬಳ್ಳಿಗೆ ಹೊರಟ ಯಾರ ಕೈಯಲ್ಲಾದರೂ ಬಾಕಿ ಸುದ್ದಿಯನ್ನೆಲ್ಲ ಕಟ್ಟಿ ಕಳಿಸುತ್ತದೆ, ಜೊತೆಗೊಂದಿಷ್ಟು ಹಸಿ ಶೇಂಗಾ. ಶೇಂಗಾ ಬೇಕೆಂದರೆ ಸುದ್ದಿಯನ್ನೂ ಇಳಿಸಿಕೊಳ್ಳಬೇಕು.

ಹೊಸ ತಲೆಮಾರಿನವರು ಫೋನು ತೋರಿಸಿ ನಗುತ್ತಾರೆ. ಊರಿನ ವಾಟ್ಸ್ಆ್ಯಪ್ ಗುಂಪಿನಿಂದ ಹೊರಬೀಳಲು ಒಂದು ಬೆರಳು ಸಾಕಂತೆ. ಪರಿಶೀಲಿಸೋಣ. 2019ರಲ್ಲಿ ಈ ಸಂಸ್ಥೆ, ನಮ್ಮನ್ನು ಗುಂಪಿಗೆ ಯಾರು ಸೇರಿಸಬಹುದು ಎಂದು ನಾವೇ ಗೊತ್ತುಮಾಡುವ ಸೌಲಭ್ಯ ಕೊಟ್ಟಿತು. 2022ರಲ್ಲಿ ಗುಂಪಿನ ಮಿತಿಯನ್ನು 256ರಿಂದ 512ಕ್ಕೂ ಅದೇ ವರ್ಷ 1024ಕ್ಕೂ ಏರಿಸಿತು. ಸದ್ದಿಲ್ಲದೆ ಹೊರಹೋಗಲು ಹಾದಿಯನ್ನೂ ಮಾಡಿತು. ಬಿಟ್ಟುಹೋದದ್ದು ಈಗ ಅಡ್ಮಿನ್‌ಗಳಿಗೆ ಮಾತ್ರ ಗೊತ್ತಾಗುತ್ತದೆ. ಗುಡಗೇರಿಯ ದೃಷ್ಟಿಯಿಂದ ಈ ‘ಮಾತ್ರ’ ಎಂಬ ಪದದಲ್ಲಿ ಕಂಪನಿಯ ಅನನುಭವ ಎದ್ದು ಕಾಣುತ್ತದೆ. ಅಡ್ಮಿನ್ ಎಂದರೆ ಕಟ್ಟೆಯ ಮೇಲೆ ಕೂತವನು. ಅವನೊಬ್ಬನಿಗೆ ಗುಟ್ಟಾಗಿ ತಿಳಿಸುವುದಕ್ಕೂ ಡಂಗುರ ಹೊಡೆಸುವುದಕ್ಕೂ ಇರುವ ವ್ಯತ್ಯಾಸ ಡೊಳ್ಳಿನ ಬಾಡಿಗೆ ಮಾತ್ರ. ಬಿಟ್ಟವರ ಹೆಸರನ್ನು ಗುಂಪು 60 ದಿನ ತೋರಿಸುತ್ತದಂತೆ. ಕಟ್ಟೆಯ ಹಿರಿಯರು ಈ ಅವಧಿಯನ್ನು ಕೇಳಿ, “ಅಷ್ಟ ಲಗೂನ ಮರೀತೈತೆ?” ಎಂದು ಕನಿಕರಪಟ್ಟರು.

ಬರಹದ ಮೂಲಕ ಬಿಡಬಹುದಾದ ಒಂದೇ ಒಂದು ಸದಸ್ಯತ್ವ ಈ ಸೀಮೆಯಲ್ಲಿದೆ. ಅದು ಬೆಳೆವಿಮೆ. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಸಾಲ ತೆಗೆದ ರೈತ ಕೇಳಲಿ ಬಿಡಲಿ ಸೇರಿಬಿಡುತ್ತಿದ್ದ. 2020ರ ಮುಂಗಾರಿನಿಂದ ಅದು ಐಚ್ಛಿಕವಾಯಿತು. ಬೇಡವೆಂದವನು ಕೊನೆಯ ದಿನಾಂಕಕ್ಕಿಂತ ಏಳು ದಿನ ಮೊದಲು ಬ್ಯಾಂಕಿಗೆ ಬರೆದುಕೊಡಬೇಕು. ಮುಂಗಾರಿ ಕಾಳುಕಡಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಬೆಳೆಗೆ ಶೇ. 5 ರೈತನ ಪಾಲು. ಇಷ್ಟು ಸ್ವಚ್ಛವಾದ ನಿರ್ಗಮನದ ವಿಧಿ ಸಿಕ್ಕಿತಲ್ಲ ಎಂದು ಪ್ರಬಂಧಕಾರ ಹಿಗ್ಗಿದ್ದ. ಆದರೆ ಬರೆದುಕೊಡಬೇಕೋ ಬೇಡವೋ ಎಂಬುದು ನಿರ್ಧಾರವಾಗುವುದು ಕಟ್ಟೆಯ ಮೇಲೆ. ಮುಂಗಾರಿನ ಒಂದು ಸಂಜೆ ಚರ್ಚೆ ಏರಿತು. ಮಳೆ ಕೈಕೊಟ್ಟ ವರ್ಷ ವಿಮೆ ಬಂತು ಎಂದು ಒಬ್ಬರು, ಬಂದದ್ದು ಪಕ್ಕದ ಪಂಚಾಯಿತಿಗೆ ಎಂದು ಇನ್ನೊಬ್ಬರು. ಅಷ್ಟರಲ್ಲಿ ಒಬ್ಬರು, ಯಾವಾಗಲೂ ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದ ಹಿರಿಯರ ಮಾತನ್ನು ತಂದಿಟ್ಟರು: ಕಟ್ಟೂದು ಕಟ್ಟಿಬಿಡ್ರಿ, ಹೋದರ ಹೋತು.

“ಅಂವಾ ಸತ್ತು ಎರಡ ವರ್ಷ ಆತಲ್ಲೋ.”

“ಸತ್ತರೇನಾತು? ಇದರಾಗಿಂದ ಹೆಸರು ತಗಸ್ಯಾನೇನು?”

ಯಾರೂ ತಕರಾರು ಎತ್ತಲಿಲ್ಲ. ಆ ಸಂಜೆಯ ಎಣಿಕೆಯಲ್ಲಿ ವಿಮೆಯ ಪರವಾಗಿ ನಾಲ್ವರು, ವಿರುದ್ಧ ಮೂವರು. ನಾಲ್ವರಲ್ಲಿ ಒಬ್ಬರು ದಿವಂಗತರು. ಅವರ ಹೆಸರಿಗೂ ಒಂದು ಚಾ ಬಂತು.